ಬೇವಿನ ಕಷಾಯ ಕಂದಾದರೆ ಬೆಳ್ಳಿಯ ನ್ಯಾನೊ ಕಣ ಸಿದ್ಧವಾದಂತೆಯೇ?

ಪ್ರಶ್ನೆ: ನಾನು ಜೈವಿಕ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ಬೇವಿನ ಎಲೆಯ ಕಷಾಯದಿಂದ ಬೆಳ್ಳಿಯ ನ್ಯಾನೊ ಕಣಗಳನ್ನು ತಯಾರಿಸುವುದು ನನ್ನ ಪ್ರಾಜೆಕ್ಟ್. 10 ಗ್ರಾಂ ಹಸಿ ಎಲೆಯನ್ನು 100 ಮಿ.ಲೀ. ನೀರಿನಲ್ಲಿ ಕುದಿಸಿ ಸೋಸಿ, ಅದರಲ್ಲಿ 10 ಮಿ.ಲೀ.ಯನ್ನು 90 ಮಿ.ಲೀ. ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ (ಸಾಂದ್ರತೆ 1 ಮಿಲಿಮೋಲಾರ್) ಬೆರೆಸುತ್ತೇನೆ. ಡಿಸೆಂಬರಿನಲ್ಲಿ ಒಂದು ಗಂಟೆಯೊಳಗೆ ಒಳ್ಳೆಯ ಕಂದು ಬಣ್ಣ ಬಂದಿತ್ತು. ದ್ರಾವಣ ಯಾವ ತರಂಗಾಂತರದ ಬೆಳಕನ್ನು ಹೀರುತ್ತದೆಂದು ಅಳೆಯುವ ಯುವಿ-ವಿಸಿಬಲ್ ಉಪಕರಣದಲ್ಲಿ 432 ನ್ಯಾನೊಮೀಟರ್ ಬಳಿ ಶಿಖರ ಕಂಡಿತ್ತು. ಮಾರ್ಚಿನಲ್ಲಿ ಅದೇ ಮರದ ಎಲೆಯಿಂದ ಮತ್ತೆ ಮಾಡಿದರೆ ದ್ರಾವಣ ಬೆಳ್ಳಗೆ ಕದಡಿ, ಕಿಟಕಿಯ ಪಕ್ಕ ಇಟ್ಟಾಗ ನೇರಳೆ ಮಿಶ್ರಿತ ಬೂದು ಬಣ್ಣಕ್ಕೆ ತಿರುಗಿ ತಳಕ್ಕೆ ಕೂತಿತು. ವಿಭಾಗದ ಡಿಸ್ಟಿಲೇಷನ್ ಘಟಕ ಕೆಟ್ಟಿದ್ದರಿಂದ ಕ್ಯಾನ್ ನೀರು ಬಳಸಿದ್ದೆ. ಸಿಲ್ವರ್ ನೈಟ್ರೇಟ್ ಕರಗಿಸುವಾಗಲೇ ನೀರು ಸ್ವಲ್ಪ ಮಸುಕಾದಂತೆ ಕಂಡಿತ್ತು. ಡಿಸೆಂಬರಿನ ಮಾದರಿಯ ಹರಳಿನ ರಚನೆಯನ್ನು ಎಕ್ಸ್-ಕಿರಣದಿಂದ ಗುರುತಿಸುವ ಎಕ್ಸ್‌ಆರ್‌ಡಿಯಲ್ಲಿ 38.1 ಡಿಗ್ರಿಯ ಜೊತೆಗೆ 27.8, 32.2 ಮತ್ತು 46.2 ಡಿಗ್ರಿಗಳಲ್ಲಿಯೂ ಶಿಖರಗಳಿವೆ. ಅವು ಗಿಡದ ಸಾವಯವ ಅಂಶ ಎಂದು ಬರೆದರೆ ಸಾಕು ಎನ್ನುತ್ತಾರೆ. ಪೆಟ್ರಿ ತಟ್ಟೆಯಲ್ಲಿ ಇ. ಕೋಲಿ ಬ್ಯಾಕ್ಟೀರಿಯಾದ ವಿರುದ್ಧ 14 ಮಿ.ಮೀ. ವಲಯ (ಬ್ಯಾಕ್ಟೀರಿಯಾ ಬೆಳೆಯದ ಜಾಗ) ಬಂದಿದೆ, ಬರಿಯ ಕಷಾಯಕ್ಕೆ ಏನೂ ಬಂದಿಲ್ಲ. ಇಷ್ಟರಲ್ಲಿ ಸೋದರಮಾವ, ಸಕ್ಕರೆ ಕಾಯಿಲೆಯಿಂದಾದ ತಮ್ಮ ಕಾಲಿನ ಗಾಯಕ್ಕೆ ಹಚ್ಚಲು ಒಂದು ಬಾಟಲಿ ಕೊಡು, ಬೇವೂ ಬೆಳ್ಳಿಯೂ ನಮ್ಮ ಮನೆಯವೇ ಅಲ್ಲವೇ, ಎಂದು ಕೇಳುತ್ತಿದ್ದಾರೆ. ನನ್ನ ಪ್ರಯೋಗ ಎಲ್ಲಿ ತಪ್ಪಿತು? ಅವರಿಗೆ ಕೊಡಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಕಾಯುವಂಥದ್ದಲ್ಲ: ದಯವಿಟ್ಟು ಕೊಡಬೇಡಿ. ಕಾರಣಗಳನ್ನು ಮುಂದೆ ವಿವರಿಸುತ್ತೇನೆ. ಮೊದಲನೆಯ ಪ್ರಶ್ನೆಯ ಉತ್ತರ ನಿಮ್ಮ ಪತ್ರದಲ್ಲಿಯೇ ಇದೆ. ಕರಗಿಸುವಾಗಲೇ ನೀರು ಮಸುಕಾಗಿತ್ತು ಎಂದು ನೀವು ಗಮನಿಸಿ ಬರೆದಿರುವುದು ಬಹಳ ಮುಖ್ಯವಾದ ಸಂಗತಿ. ಅನೇಕರು ಅದನ್ನು ಕಂಡರೂ ಪುಸ್ತಕದಲ್ಲಿ ಬರೆದುಕೊಳ್ಳುವುದಿಲ್ಲ.

ನೀರಿನಲ್ಲಿರುವ ಕ್ಲೋರೈಡ್, ಬೆಳ್ಳಿಯ ಅಯಾನು ಸಿಕ್ಕಿದ ಕೂಡಲೇ ಅದನ್ನು ಹಿಡಿದು ಸಿಲ್ವರ್ ಕ್ಲೋರೈಡ್ ಆಗಿ ಕೂರಿಸುತ್ತದೆ. ಅದರ ಕರಗುವಿಕೆ ಎಷ್ಟು ಕಡಿಮೆಯೆಂದರೆ, ನಿಮ್ಮ 1 ಮಿಲಿಮೋಲಾರ್ ದ್ರಾವಣದಲ್ಲಿ ಒಂದು ಮೈಕ್ರೋಮೋಲಾರ್‌ಗಿಂತ ಕಡಿಮೆ ಕ್ಲೋರೈಡ್ ಇದ್ದರೂ ಒತ್ತರ (ಕರಗದೆ ಕೂರುವ ಪುಡಿ) ಶುರುವಾಗುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಒಪ್ಪುವ ಕ್ಲೋರೈಡ್ ಮಿತಿ ಲೀಟರಿಗೆ 250 ಮಿಲಿಗ್ರಾಂ. ಅಂದರೆ ಸುಮಾರು 7 ಮಿಲಿಮೋಲಾರ್, ನಿಮ್ಮ ಬೆಳ್ಳಿಯ ಏಳು ಪಟ್ಟು. ಕುಡಿಯಲು ಅತ್ಯುತ್ತಮವಾದ ನೀರೂ ಈ ಪ್ರಯೋಗಕ್ಕೆ ಕೊಳಕು ನೀರೇ. ಶುದ್ಧೀಕರಿಸಿದ ಕ್ಯಾನ್ ನೀರಿನಲ್ಲಿ ಲೀಟರಿಗೆ 10 ಮಿಲಿಗ್ರಾಂ ಕ್ಲೋರೈಡ್ ಮಾತ್ರ ಉಳಿದಿದ್ದರೂ ನಿಮ್ಮ ಬೆಳ್ಳಿಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಎಲೆಯ ಕಷಾಯವನ್ನು ಮುಟ್ಟುವ ಮೊದಲೇ ಕ್ಲೋರೈಡಿನ ಪಾಲಾಗಿರುತ್ತದೆ. ಬೆಳ್ಳಗೆ ಕದಡಿದ್ದು ಅದೇ. ಬೆಳಕಿಗಿಟ್ಟಾಗ ನೇರಳೆ ಛಾಯೆಯ ಬೂದು ಬಣ್ಣಕ್ಕೆ ತಿರುಗಿದ್ದು ಸಿಲ್ವರ್ ಕ್ಲೋರೈಡಿನ ಹಳೆಯ ಗುಣ. ಹಿಂದಿನ ಕಾಲದ ಛಾಯಾಚಿತ್ರದ ಕಾಗದ ಕಪ್ಪಾಗುತ್ತಿದ್ದದ್ದೂ ಇದರಿಂದಲೇ. ನ್ಯಾನೊ ಕಣ ಹುಟ್ಟುವಾಗಿನ ಬಣ್ಣದ ದಾರಿ ಬೇರೆ: ತಿಳಿಯಾಗಿಯೇ ಇದ್ದು, ಹುಲ್ಲಿನ ಹಳದಿಯಿಂದ ಜೇನಿನ ಬಣ್ಣಕ್ಕೆ, ಅಲ್ಲಿಂದ ಕೆಂಗಂದಿಗೆ ಹೋಗುತ್ತದೆ. ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಆಚೆ ಕಡೆಯ ಅಕ್ಷರ ಕಾಣಬೇಕು. ಕಾಣದಷ್ಟು ಕದಡಿದ್ದರೆ ಅದು ಒತ್ತರ ಅಥವಾ ಮುದ್ದೆಗಟ್ಟಿದ ಕಣ.

ಇನ್ನು ಡಿಸೆಂಬರಿನ ಫಲಿತಾಂಶ. ಅದು ಗೆಲುವು, ಮಾರ್ಚಿನದು ಸೋಲು ಎಂದು ನೀವು ಭಾವಿಸಿದ್ದೀರಿ. ನಿಮ್ಮ ಎಕ್ಸ್‌ಆರ್‌ಡಿ ಹಾಗೆ ಹೇಳುತ್ತಿಲ್ಲ. ಲೋಹದ ಬೆಳ್ಳಿಯ ಶಿಖರಗಳು 38.1, 44.3, 64.4 ಮತ್ತು 77.4 ಡಿಗ್ರಿಗಳ ಆಸುಪಾಸಿನಲ್ಲಿ ಬರುತ್ತವೆ. 27.8, 32.2 ಮತ್ತು 46.2 ಸಿಲ್ವರ್ ಕ್ಲೋರೈಡಿನ ಗುರುತುಗಳು. ಗಿಡದ ಸಾವಯವ ಅಂಶಗಳು ಸಾಮಾನ್ಯವಾಗಿ ಅಗಲವಾದ ದಿಬ್ಬದಂತೆ ಕಾಣುತ್ತವೆಯೇ ಹೊರತು, ಸಿಲ್ವರ್ ಕ್ಲೋರೈಡಿನ ಸ್ಥಾನಗಳಲ್ಲಿಯೇ ಮೂರು ಚೂಪು ಶಿಖರಗಳನ್ನು ಕೊಡುವುದಿಲ್ಲ. ಈ ಮೂರು ಶಿಖರಗಳನ್ನು ಸಾವಯವ ಅಂಶವೆಂದು ತಳ್ಳಿಹಾಕಿದ ಪ್ರಬಂಧಗಳು ಅಚ್ಚಾಗಿರುವುದು ನಿಜ. ಆದರೆ ಹಲವರು ಬರೆದರೆಂಬ ಕಾರಣಕ್ಕೆ ನೀವೂ ಬರೆಯಬೇಕಾಗಿಲ್ಲ. ಡಿಸೆಂಬರಿನಲ್ಲಿ ನೀರು ಶುದ್ಧವಾಗಿದ್ದರೂ ಎಲೆಯಲ್ಲಿಯೇ ಕ್ಲೋರೈಡ್ ಇತ್ತು. ಎಲ್ಲ ಹಸಿರು ಎಲೆಗಳಲ್ಲಿಯೂ ಸ್ವಲ್ಪ ಇರುತ್ತದೆ; ಕುದಿಸಿದಾಗ ನೀರಿಗೆ ಇಳಿಯುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿರುವುದು ಬೆಳ್ಳಿ ಮತ್ತು ಸಿಲ್ವರ್ ಕ್ಲೋರೈಡ್‌ಗಳ ಮಿಶ್ರಣ. ಅದನ್ನು ಹಾಗೆಯೇ ಬರೆಯಿರಿ. ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಎಕ್ಸ್‌ಆರ್‌ಡಿ ಶಿಖರದ ಅಗಲದಿಂದ ಗಾತ್ರ ಅಂದಾಜಿಸುವ ಶೆರರ್ ಸೂತ್ರ ಬಳಸಿ ಕಣದ ಗಾತ್ರ ಲೆಕ್ಕ ಹಾಕಿದ್ದರೆ, ಅದು ಹರಳಿನ ಗಾತ್ರವೇ ಹೊರತು ಕಣದ ಗಾತ್ರವಲ್ಲ ಎಂಬುದನ್ನೂ ಗಮನದಲ್ಲಿಡಿ. ಒಂದು ಕಣದಲ್ಲಿ ಹಲವು ಹರಳುಗಳಿರಬಹುದು.

ಈ ಕ್ಷೇತ್ರದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. 2000ದ ದಶಕದ ಆರಂಭದಲ್ಲಿ ಅಮೆರಿಕದ ಸಂಶೋಧಕರು ಕುದುರೆಮೆಂತೆ ಗಿಡದೊಳಗೆ ಚಿನ್ನ, ಬೆಳ್ಳಿಯ ಕಣಗಳು ರೂಪುಗೊಳ್ಳುವುದನ್ನು ತೋರಿಸಿದರು. 2004ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಅವರ ತಂಡ ಇದೇ ಬೇವಿನ ಎಲೆಯ ಕಷಾಯದಿಂದ ಬೆಳ್ಳಿ, ಚಿನ್ನ ಮತ್ತು ಎರಡೂ ಕೂಡಿದ ಕಣಗಳನ್ನು ಮಾಡಿತು. ಆಮೇಲೆ ಬಂದ ಪ್ರಬಂಧಗಳ ಪ್ರವಾಹದಲ್ಲಿ ಗಿಡದ ಹೆಸರು ಬದಲಾಯಿತು, ವಿಧಾನ ಹೆಚ್ಚುಕಡಿಮೆ ಅದೇ ಉಳಿಯಿತು. ಯಾವ ಎಲೆ ಹಾಕಿದರೂ ಬಣ್ಣ ಬರುತ್ತದೆ ಎಂಬುದು ಆಶ್ಚರ್ಯದ ಮಾತಲ್ಲ. ಬೆಳ್ಳಿಯ ಅಯಾನು ಎಲೆಕ್ಟ್ರಾನ್ ಪಡೆದು ಲೋಹವಾಗಲು ಸುಲಭವಾಗಿ ಒಪ್ಪುತ್ತದೆ. ಅದರ ಮಾನಕ ವಿಭವ, ಅಂದರೆ ಆ ಒಲವಿನ ಅಳತೆ, +0.80 ವೋಲ್ಟ್. ಎಲೆಯಲ್ಲಿರುವ ಪಾಲಿಫಿನಾಲ್‌ಗಳು, ಫ್ಲೇವನಾಯ್ಡ್‌ಗಳು, ಕೆಲವು ಸಕ್ಕರೆಗಳು ಆ ಎಲೆಕ್ಟ್ರಾನನ್ನು ಕೊಡುತ್ತವೆ. ಅವುಗಳೂ ಪ್ರೋಟೀನುಗಳೂ ಕಣದ ಸುತ್ತ ಹೊದಿಕೆಯಾಗಿ ನಿಂತು ಕಣಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತವೆ. ಕಷ್ಟವಿರುವುದು ಬಣ್ಣ ಬರಿಸುವುದರಲ್ಲಲ್ಲ, ಎರಡನೆಯ ಸಲವೂ ಅದೇ ಬಣ್ಣ ಬರಿಸುವುದರಲ್ಲಿ.

ಅಲ್ಲಿಯೇ ನಿಮ್ಮ ಎರಡನೆಯ ತೊಡಕು ಇದೆ. ಅದೇ ಮರದ ಎಲೆ ಎಂದಿದ್ದೀರಿ. ಡಿಸೆಂಬರಿನ ಬೇವಿನ ಎಲೆ ಬಲಿತದ್ದು, ಕಡು ಹಸಿರು. ಮಾರ್ಚಿನ ಹೊತ್ತಿಗೆ ಮರ ಹಳೆಯ ಎಲೆ ಉದುರಿಸಿ, ಯುಗಾದಿಗೆ ಹೂವಿನ ಜೊತೆ ತಾಮ್ರದ ಬಣ್ಣದ ಚಿಗುರನ್ನು ಹೊತ್ತಿರುತ್ತದೆ. ಚಿಗುರಿನಲ್ಲಿ ನೀರಿನ ಪಾಲು ಬೇರೆ, ಫಿನಾಲ್‌ಗಳ ಪ್ರಮಾಣ ಬೇರೆ. ಹತ್ತು ಗ್ರಾಂ ಹಸಿ ಎಲೆ ಎಂಬ ಅಳತೆ ಎರಡೂ ತಿಂಗಳಲ್ಲಿ ಎರಡು ಬೇರೆ ವಸ್ತುಗಳನ್ನು ತೂಗಿದೆ. ಅಂಗಡಿಯಿಂದ ತಂದ ರಾಸಾಯನಿಕದ ಬಾಟಲಿಯ ಮೇಲೆ ಶುದ್ಧತೆ ಶೇಕಡಾ ಎಷ್ಟೆಂದು ಬರೆದಿರುತ್ತದೆ. ಎಲೆಯ ಮೇಲೆ ಆ ಚೀಟಿ ಇಲ್ಲ. ಅದನ್ನು ನೀವೇ ಬರೆಯಬೇಕು.

ನಮ್ಮ ಪ್ರಯೋಗಾಲಯದಲ್ಲಿ ನಾನು ಇದನ್ನು ಕಲಿತದ್ದು ಒಂದು ಇಡೀ ಬೇಸಿಗೆ ಕಳೆದುಕೊಂಡ ಮೇಲೆ. ಒಂದು ಸಲ ಕುದಿಸಿದ ಕಷಾಯವನ್ನು ಫ್ರಿಜ್ಜಿನಲ್ಲಿಟ್ಟು ಎರಡು ವಾರ ಬಳಸುತ್ತಿದ್ದೆವು. ಮೊದಲ ದಿನ ಅರ್ಧ ಗಂಟೆಯಲ್ಲಿ ಬಂದ ಬಣ್ಣ ಹತ್ತನೆಯ ದಿನ ಮೂರು ಗಂಟೆ ತೆಗೆದುಕೊಳ್ಳುತ್ತಿತ್ತು, ಶಿಖರ ಅಗಲವಾಗಿ ಕೆಂಪಿನ ಕಡೆಗೆ ಸರಿಯುತ್ತಿತ್ತು. ನಾವು ಸಿಲ್ವರ್ ನೈಟ್ರೇಟನ್ನು ದೂರಿದೆವು, ಉಪಕರಣವನ್ನು ದೂರಿದೆವು. ಒಂದು ಬೆಳಿಗ್ಗೆ ಬಾಟಲಿಯನ್ನು ಅಲುಗಿಸದೆ ಎತ್ತಿ ನೋಡಿದಾಗ ಕಷಾಯದ ಮೇಲೆ ತೆಳ್ಳನೆಯ ಬೂಷ್ಟಿನ ಪದರ ಕಂಡಿತು. ಅಂದಿನಿಂದ ಕಷಾಯವನ್ನು ಆ ದಿನವೇ ಮಾಡಿ ಆ ದಿನವೇ ಮುಗಿಸುವುದು ನಮ್ಮಲ್ಲಿ ನಿಯಮ.

ಕಂದು ಬಣ್ಣದ ಬಗ್ಗೆಯೂ ಎಚ್ಚರ ಬೇಕು. ಚಹಾ ಆರಲು ಬಿಟ್ಟರೆ ಕಪ್ಪಾಗುತ್ತದೆ, ಕೊಯ್ದ ಬದನೆಕಾಯಿ ಕಂದಾಗುತ್ತದೆ. ಅಲ್ಲಿ ಬೆಳ್ಳಿಯೇನೂ ಇಲ್ಲ. ಪಾಲಿಫಿನಾಲ್‌ಗಳು ಗಾಳಿಗೆ ಸಿಕ್ಕರೂ ಕಂದಾಗುತ್ತವೆ, ಕ್ಷಾರ ಹಾಕಿದರಂತೂ ಇನ್ನೂ ಬೇಗ. ಕ್ರಿಯೆ ಚುರುಕಾಗಲೆಂದು ಕೆಲವರು ಸೋಡಿಯಂ ಹೈಡ್ರಾಕ್ಸೈಡ್ ಸೇರಿಸುತ್ತಾರೆ. ಹದವಾದ ಕ್ಷಾರದಲ್ಲಿ ಕ್ರಿಯೆ ಬೇಗ ಆಗುವುದು ನಿಜ, ಆದರೆ ಹೆಚ್ಚಾದರೆ ಸಿಲ್ವರ್ ಆಕ್ಸೈಡ್ ಎಂಬ ಕಂದು ಒತ್ತರವೇ ಬರುತ್ತದೆ, ಅದನ್ನು ನ್ಯಾನೊ ಕಣವೆಂದು ನಂಬಿದವರೂ ಇದ್ದಾರೆ. ಅಮೋನಿಯಾ ಮಾತ್ರ ಬಳಸಲೇಬೇಡಿ. ಅಮೋನಿಯಾ ಬೆರೆಸಿದ ಬೆಳ್ಳಿಯ ದ್ರಾವಣವನ್ನು ಇಟ್ಟುಬಿಟ್ಟರೆ ಮುಟ್ಟಿದರೆ ಸಿಡಿಯುವ ವಸ್ತು ಉಂಟಾಗಬಹುದು. ಅಂಥದೇ ದ್ರಾವಣವಾದ ಟಾಲೆನ್ಸ್ ಕಾರಕವನ್ನು ಕೂಡಿಡಬಾರದು ಎನ್ನುವುದು ಇದಕ್ಕಾಗಿಯೇ.

ಆದ್ದರಿಂದ ಪ್ರತಿ ಸಲವೂ ಮುಖ್ಯ ಫ್ಲಾಸ್ಕಿನ ಪಕ್ಕದಲ್ಲಿ ಇನ್ನೆರಡು ಇಡಿ. ಒಂದರಲ್ಲಿ ಅದೇ ಕಷಾಯ, ಅದೇ ಪಿಎಚ್, ಅದೇ ಶಾಖ, ಸಿಲ್ವರ್ ನೈಟ್ರೇಟಿನ ಬದಲು ಸೋಡಿಯಂ ನೈಟ್ರೇಟ್. ಇನ್ನೊಂದರಲ್ಲಿ ಕಷಾಯವಿಲ್ಲದ ಸಿಲ್ವರ್ ನೈಟ್ರೇಟ್. ಮೂರನ್ನೂ ಬೆಳಕು ತಾಗದಂತೆ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ. ಸಾವಯವ ಅಂಶವಿದ್ದಾಗ ಬಿಸಿಲೇ ಬೆಳ್ಳಿಯನ್ನು ಲೋಹವಾಗಿಸಬಲ್ಲದು, ಆಮೇಲೆ ಕೆಲಸ ಮಾಡಿದ್ದು ಎಲೆಯೋ ಬೆಳಕೋ ಎಂದು ಹೇಳಲಾಗುವುದಿಲ್ಲ. 400ರಿಂದ 450 ನ್ಯಾನೊಮೀಟರ್ ನಡುವಿನ ಶಿಖರ ಮುಖ್ಯ ಫ್ಲಾಸ್ಕಿನಲ್ಲಿ ಮಾತ್ರ ಬಂದರೆ ಬೆಳ್ಳಿಯ ಕಣಗಳಿವೆ ಎನ್ನಲು ಬಲವಾದ ಆಧಾರವಾಯಿತು. ಗಾತ್ರ ಹೇಳಲು ಅದು ಸಾಲದು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊರಗಿನ ವಿದ್ಯಾರ್ಥಿಗಳ ಮಾದರಿಗಳನ್ನು ಶುಲ್ಕ ಪಡೆದು ಪರೀಕ್ಷಿಸಿಕೊಡುವ ಸೌಲಭ್ಯವಿದೆ. ಎಫ್‌ಟಿಐಆರ್ ಎಂಬ ಅವಕೆಂಪು ಕಿರಣಗಳ ಪರೀಕ್ಷೆಯ ಬಗ್ಗೆ ಒಂದೇ ಮಾತು: ಯಾವ ಬಗೆಯ ರಾಸಾಯನಿಕ ಬಂಧಗಳಿವೆ ಎಂದು ಅದು ಹೇಳುತ್ತದೆ, ಬೇವಿನ ಯಾವ ಸಂಯುಕ್ತ ಈ ಕೆಲಸ ಮಾಡಿತು ಎಂದು ಹೇಳುವುದಿಲ್ಲ.

ಈಗ 14 ಮಿ.ಮೀ. ವಲಯ. ಕಷಾಯಕ್ಕೆ ಏನೂ ಬರಲಿಲ್ಲ, ಮಾದರಿಗೆ ಬಂತು, ಆದ್ದರಿಂದ ನ್ಯಾನೊ ಕಣ ಬ್ಯಾಕ್ಟೀರಿಯಾ ಕೊಲ್ಲುತ್ತದೆ ಎಂಬ ನಿಮ್ಮ ತರ್ಕದಲ್ಲಿ ಒಂದು ಮೆಟ್ಟಿಲು ಬಿಟ್ಟುಹೋಗಿದೆ. ಕ್ರಿಯೆಯಲ್ಲಿ ಭಾಗವಹಿಸದೆ ಉಳಿದ ಬೆಳ್ಳಿಯ ಅಯಾನು ನಿಮ್ಮ ಮಾದರಿಯಲ್ಲಿರಬಹುದು, ಮತ್ತು ಬರಿಯ ಸಿಲ್ವರ್ ನೈಟ್ರೇಟ್ ಬ್ಯಾಕ್ಟೀರಿಯಾಗಳನ್ನು ಚೆನ್ನಾಗಿಯೇ ಕೊಲ್ಲುತ್ತದೆ. ಅಗರ್‌ನಲ್ಲಿ ದೂರ ಹರಡುವುದೂ ದೊಡ್ಡ ಕಣಕ್ಕಿಂತ ಅಯಾನಿಗೇ ಸುಲಭ. ಇದನ್ನು ನೋಡಲು ಸರಳವಾದ ಪರೀಕ್ಷೆಯಿದೆ. ಮಾದರಿಯನ್ನು ಸೆಂಟ್ರಿಫ್ಯೂಜಿನಲ್ಲಿ ಹೆಚ್ಚಿನ ವೇಗದಲ್ಲಿ ತಿರುಗಿಸಿ, ಕಣಗಳು ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ತೆಗೆದು, ಅದಕ್ಕೆ ಉಪ್ಪು ನೀರಿನ ಒಂದು ಹನಿ ಬಿಡಿ. ಹನಿ ಬಿದ್ದಲ್ಲಿ ಬೆಳ್ಳನೆಯ ಹೊಗೆಯಂತೆ ಎದ್ದರೆ ಅಯಾನು ಉಳಿದಿದೆ. ಆಮೇಲೆ ತಟ್ಟೆಯಲ್ಲಿ ತೊಳೆದ ಕಣ, ಆ ತಿಳಿ, ಕಷಾಯ ಮತ್ತು ಅಷ್ಟೇ ಬೆಳ್ಳಿಯಿರುವ ಸಿಲ್ವರ್ ನೈಟ್ರೇಟ್, ಈ ನಾಲ್ಕನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ. ತೊಳೆದ ಕಣಗಳ ವಲಯ ಚಿಕ್ಕದಾಗಿ ಬಂದರೆ ಬೇಸರಪಡಬೇಡಿ. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಆಮ್ಲಜನಕವಿಲ್ಲದ ಕಡೆ, ಅಂದರೆ ಕಣಗಳಿಂದ ಅಯಾನು ಬಿಡುಗಡೆಯಾಗಲು ಅವಕಾಶವಿಲ್ಲದ ಕಡೆ, ಬೆಳ್ಳಿಯ ಕಣಗಳು ಇ. ಕೋಲಿಯನ್ನು ಕೊಲ್ಲಲಿಲ್ಲ. ಕಣ ಎಂಬುದು ಬಹುಮಟ್ಟಿಗೆ ಅಯಾನನ್ನು ನಿಧಾನವಾಗಿ ಬಿಡುವ ಕಣಜ. ಆ ನಿಧಾನವೇ ಅದರ ಉಪಯೋಗವೂ ಹೌದು.

ನಿಮ್ಮ ಸೋದರಮಾವನವರ ಮಾತಿಗೆ ಬರುತ್ತೇನೆ. ಬೇವೂ ಬೆಳ್ಳಿಯೂ ಮನೆಯವೇ ಎಂಬುದರ ಹಿಂದಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮಗುವಿಗೆ ಬೆಳ್ಳಿಯ ಒಳಲೆಯಲ್ಲಿ ಹಾಲು ಹಾಕಿದ, ಸಿಡುಬು, ಅಮ್ಮ ಬಂದಾಗ ಬೇವಿನ ಸೊಪ್ಪು ಹಾಸಿದ ಮನೆಗಳಿಂದಲೇ ನಾವು ಬಂದವರು. ಆದರೆ ಒಳಲೆಯ ಗಟ್ಟಿ ಬೆಳ್ಳಿಯಿಂದ ಹಾಲಿಗೆ ಇಳಿಯುವುದು ಅತ್ಯಲ್ಪ. ನಿಮ್ಮ 1 ಮಿಲಿಮೋಲಾರ್ ದ್ರಾವಣದಲ್ಲಿ ಲೀಟರಿಗೆ ಸುಮಾರು 108 ಮಿಲಿಗ್ರಾಂ ಬೆಳ್ಳಿಯಿದೆ. ಕುಡಿಯುವ ನೀರಿನಲ್ಲಿ ಬೆಳ್ಳಿಗೆ ನಮ್ಮ ಮಾನಕದ ಮಿತಿ ಲೀಟರಿಗೆ 0.1 ಮಿಲಿಗ್ರಾಂ. ಸಾವಿರ ಪಟ್ಟಿನ ಅಂತರ. ಗಿಡದಿಂದ ಮಾಡಿದ್ದು ಎಂಬುದು ತಯಾರಿಯ ದಾರಿಯನ್ನು ಹೇಳುತ್ತದೆ, ಬಾಟಲಿಯೊಳಗಿನ ಬೆಳ್ಳಿಯನ್ನು ಬದಲಿಸುವುದಿಲ್ಲ. ಬೆಳ್ಳಿಯ ದ್ರಾವಣಗಳನ್ನು ತಿಂಗಳುಗಟ್ಟಲೆ ಕುಡಿದವರ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಿದ ಪ್ರಕರಣಗಳು ವೈದ್ಯಕೀಯದಲ್ಲಿ ದಾಖಲಾಗಿವೆ. ಅದಕ್ಕೆ ಆರ್ಜೀರಿಯ ಎನ್ನುತ್ತಾರೆ, ಒಮ್ಮೆ ಬಂದರೆ ಹೋಗುವುದಿಲ್ಲ. ಅಂಗಡಿಯಲ್ಲಿ ನೇರವಾಗಿ ಮಾರುವ ಕೊಲಾಯ್ಡಲ್ ಸಿಲ್ವರ್ ಔಷಧಿಗಳು ಸುರಕ್ಷಿತವೂ ಪರಿಣಾಮಕಾರಿಯೂ ಎಂದು ಮಾನ್ಯವಾಗಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1999ರಲ್ಲಿಯೇ ಘೋಷಿಸಿದೆ.

ಹಚ್ಚುವುದಾದರೂ ಪರವಾಗಿಲ್ಲವೇ ಎಂದು ಅವರು ಕೇಳಬಹುದು, ಏಕೆಂದರೆ ಸುಟ್ಟ ಗಾಯಕ್ಕೆ ಸಿಲ್ವರ್ ಸಲ್ಫಾಡಯಜೀನ್ ಮುಲಾಮು, ಬೆಳ್ಳಿಯ ಕಣಗಳಿರುವ ಪಟ್ಟಿಗಳು ಆಸ್ಪತ್ರೆಗಳಲ್ಲಿ ನಿಜವಾಗಿಯೂ ಬಳಕೆಯಲ್ಲಿವೆ. ಅವು ಕ್ರಿಮಿರಹಿತವಾಗಿ, ಅಳತೆ ತಿಳಿದು, ಪರವಾನಗಿ ಪಡೆದು ತಯಾರಾದವು. ನಿಮ್ಮ ಬಾಟಲಿಯಲ್ಲಿ ಎಷ್ಟು ಅಯಾನು, ಎಷ್ಟು ಕಣ, ಎಷ್ಟು ಕ್ಲೋರೈಡ್ ಇದೆಯೆಂದು ನಿಮಗೇ ಇನ್ನೂ ಗೊತ್ತಿಲ್ಲ. ಅದರಲ್ಲಿ ಬೂಷ್ಟು ಬೆಳೆಯಬಲ್ಲ ಕಷಾಯವೂ ಇದೆ. ಸಕ್ಕರೆ ಕಾಯಿಲೆಯವರ ಪಾದದಲ್ಲಿ ಸ್ಪರ್ಶ, ನೋವು ತಿಳಿಯುವ ಶಕ್ತಿ ಕುಂದಿರಬಹುದು. ಗಾಯ ಒಳಗೆ ಹಬ್ಬುತ್ತಿದ್ದರೂ ಮೇಲೆ ಒಣಗಿದಂತೆ ಕಾಣಬಹುದು. ಮನೆಮದ್ದಿನಲ್ಲಿ ಕಳೆಯುವ ಒಂದೊಂದು ವಾರವೂ ಅಲ್ಲಿ ದುಬಾರಿ. ಇಲ್ಲ ಎಂದು ಹೇಳಿ ಸುಮ್ಮನಾಗಬೇಡಿ. ಈ ವಾರವೇ ಅವರನ್ನು ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಮುಂದೆ ಯಾರಾದರೂ ಇದನ್ನು ಬಾಟಲಿ ಮಾಡಿ ಔಷಧಿಯೆಂದು ಮಾರೋಣ ಎಂದರೆ, ಪರವಾನಗಿಯಿಲ್ಲದೆ ಹಾಗೆ ಮಾಡುವುದು 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಅಪರಾಧ.

ಪ್ರಾಜೆಕ್ಟಿಗೆ ಉಳಿದ ಸಮಯದಲ್ಲಿ ನಿಮ್ಮ ಮುಂದೆ ಕೆಲವು ದಾರಿಗಳಿವೆ. ಬೇವನ್ನೇ ಉಳಿಸಿಕೊಳ್ಳುವುದಾದರೆ, ಬಲಿತ ಎಲೆಯನ್ನು ಒಂದೇ ದಿನ ಸಾಕಷ್ಟು ಕಿತ್ತು, ಶುದ್ಧ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿ ಇಟ್ಟುಕೊಳ್ಳಿ. ಪ್ರತಿ ಸಲ ಆ ಪುಡಿಯನ್ನು ತೂಗಿ ಕಷಾಯ ಮಾಡಿ, ಫೋಲಿನ್ ವಿಧಾನದಿಂದ ಒಟ್ಟು ಫಿನಾಲ್ ಎಷ್ಟೆಂದು ಅಳೆದು ಬರೆಯಿರಿ. ಎಲೆಗೆ ಬೇಕಾದ ಚೀಟಿ ಅದೇ. ಇದರಲ್ಲಿ ಕೆಲಸ ಹೆಚ್ಚು, ಎಲೆಯ ಕ್ಲೋರೈಡ್ ಸ್ವಲ್ಪ ಉಳಿದೇ ಇರುತ್ತದೆ. ಇನ್ನೊಂದು, ಎಲೆಯ ಬದಲು ಗ್ಯಾಲಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲದಂಥ ಒಂದೇ ಸಂಯುಕ್ತ ಬಳಸುವುದು. ಫಲಿತಾಂಶ ಮರುಕಳಿಸುತ್ತದೆ, ಆದರೆ ಶೀರ್ಷಿಕೆಯಲ್ಲಿ ಬೇವು ಉಳಿಯುವುದಿಲ್ಲ, ಮಾರ್ಗದರ್ಶಕರು ಒಪ್ಪಬೇಕು. ನಾನಾಗಿದ್ದರೆ ಎರಡನ್ನೂ ಅಕ್ಕಪಕ್ಕ ಇಡುತ್ತಿದ್ದೆ: ಒಂದೇ ಫಿನಾಲ್ ಪ್ರಮಾಣದ ಕಷಾಯ ಮತ್ತು ಗ್ಯಾಲಿಕ್ ಆಮ್ಲ, ಎರಡೂ ಮೂರು ಮೂರು ಸಲ. ಬೇವು ಹೆಚ್ಚಾಗಿ ಏನನ್ನು ಕೊಡುತ್ತದೆ ಎಂಬ ನಿಜವಾದ ಪ್ರಶ್ನೆ ಆಗ ಎದುರಿಗೆ ಬರುತ್ತದೆ. ಸೋಡಿಯಂ ಬೋರೋಹೈಡ್ರೈಡಿನ ಹಳೆಯ ವಿಧಾನವೂ ಇದೆ, ಚಿಕ್ಕ ಕಣಗಳು ಬರುತ್ತವೆ. ಅದು ನೀರಿನಲ್ಲಿ ಹೈಡ್ರೋಜನ್ ಬಿಡುವುದರಿಂದ ಅನುಭವಿಗಳು ಜೊತೆಗಿದ್ದಾಗ ಮಾತ್ರ ಮಾಡಿ.

100 ಮಿ.ಲೀ. ದ್ರಾವಣಕ್ಕೆ ಬೇಕಾದ ಸಿಲ್ವರ್ ನೈಟ್ರೇಟ್ 17 ಮಿಲಿಗ್ರಾಂ ಮಾತ್ರ. ಇಷ್ಟನ್ನು ತೂಗುವುದರಲ್ಲಿ ತಪ್ಪು ಸುಲಭ, ಆದ್ದರಿಂದ ಹತ್ತು ಪಟ್ಟು ಗಾಢವಾದ ದ್ರಾವಣ ಮಾಡಿ ಕಂದು ಬಾಟಲಿಯಲ್ಲಿಟ್ಟು ತೆಳುಗೊಳಿಸಿಕೊಳ್ಳಿ. ಕೈಗವಸು, ಕನ್ನಡಕ ಬಿಡಬೇಡಿ. ಚರ್ಮದ ಮೇಲಿನ ಕಪ್ಪು ಕಲೆ ವಾರದಲ್ಲಿ ಹೋಗುತ್ತದೆ, ಕಣ್ಣಿಗೆ ಬಿದ್ದರೆ ಆಗುವ ಹಾನಿ ಹಾಗಲ್ಲ. ಫ್ರಿಜ್ಜಿನಲ್ಲಿರುವ ಮಾರ್ಚಿನ ಬಾಟಲಿಗಳನ್ನು ಸಿಂಕಿಗೆ ಸುರಿಯಬೇಡಿ. ಬೆಳ್ಳಿ ನೀರಿನಲ್ಲಿರುವ ಜೀವಿಗಳಿಗೆ ತೀರಾ ವಿಷಕಾರಿ. ಎಲ್ಲವನ್ನೂ ಒಂದು ಪಾತ್ರೆಗೆ ಸುರಿದು ಅಡುಗೆ ಉಪ್ಪು ಹಾಕಿ ರಾತ್ರಿಯಿಡೀ ಬಿಡಿ, ತಳದ ಕೆಸರನ್ನು ಸೋಸಿ, ಹೆಸರಿನ ಚೀಟಿ ಅಂಟಿಸಿ ವಿಭಾಗದ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಸೋಸಿದ ನೀರನ್ನೂ ತ್ಯಾಜ್ಯದ ಪಾತ್ರೆಗೇ ಹಾಕಿ.

ಡಿಸೆಂಬರಿನ ಬಾಟಲಿಯನ್ನು ಮಾತ್ರ ಎಸೆಯಬೇಡಿ. ಬೂಷ್ಟು ಹಿಡಿದಿಲ್ಲವಾದರೆ ಅಲುಗಿಸಿ, ಅದರ ಯುವಿ-ವಿಸಿಬಲ್ ರೇಖೆಯನ್ನು ಮತ್ತೆ ತೆಗೆದು ಹಳೆಯದರ ಮೇಲೆ ಇಟ್ಟು ನೋಡಿ. ಶಿಖರ ಇನ್ನೂ 432ರ ಬಳಿಯೇ, ಅಷ್ಟೇ ಎತ್ತರದಲ್ಲಿ ನಿಂತಿದ್ದರೆ, ಬೇವಿನ ಹೊದಿಕೆ ಮೂರು ತಿಂಗಳು ಕಣಗಳನ್ನು ಕಾಪಾಡಿದೆ ಎಂದಾಯಿತು. ತಗ್ಗಿ ಅಗಲವಾಗಿದ್ದರೆ ಕಣಗಳು ಮುದ್ದೆಗಟ್ಟುತ್ತಿವೆ. ಎರಡರಲ್ಲಿ ಯಾವುದು ಬಂದರೂ ಅದು ನಿಮ್ಮ ವರದಿಯಲ್ಲಿ ಬರೆಯಬೇಕಾದ ಫಲಿತಾಂಶವೇ.